ಕುಡಿತ ಬಿಡುವವರ ಕೂಟಗಳು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ

ಕುಡಿತದ ಚಟದಿಂದ ಹೊರಬರಲು ಬಯಸುವವರು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಒಂದೆಡೆ ಸೇರಿ ತಮ್ಮ ಪಾಡು ಹೇಳಿಕೊಳ್ಳುವ, ಇನ್ನೊಬ್ಬರ ಪಾಡು ಕೇಳಿಸಿಕೊಳ್ಳುವ ಕೂಟಕ್ಕೆ ಬೆಂಬಲ ಗುಂಪು ಎನ್ನುತ್ತಾರೆ. ಹೋಗಿ ಬರುವವರ ಬಾಯಲ್ಲಿ ಅದು ಬರೀ ‘ಮೀಟಿಂಗ್’. ಅಲ್ಲಿ ವೈದ್ಯರಿಲ್ಲ, ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಈ ಲೇಖನವು ಅಂಥ ಕೂಟಗಳನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ದೃಷ್ಟಿಯಿಂದ ಪರಿಶೀಲಿಸುತ್ತದೆ. 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಈ ನಾಲ್ಕೂ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 10.8 ಲಕ್ಷ ಜನ. ಮನೆಯಲ್ಲೊಬ್ಬರ ಕುಡಿತ ಮಿತಿಮೀರಿದಾಗ ಈ ಸೀಮೆಯವರು ಮೊದಲು ಕೇಳುವುದು ‘ಎಲ್ಲಿಗೆ ಸೇರಿಸಿದರೆ ಬಿಡಿಸುತ್ತಾರೆ’ ಎಂದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಬಿಡಿಸಿಕೊಂಡು ಮನೆಗೆ ಬಂದವರು ಮುಂದಿನ ವಾರ, ಅದರ ಮುಂದಿನ ವಾರ ಯಾರ ನಡುವೆ ಕೂರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮೊದಲನೆಯದಕ್ಕೆ ಸಿಕ್ಕ ಉತ್ತರ ಬಹುಕಾಲ ಬಾಳುವುದಿಲ್ಲ.

ಕೊರತೆ ಎಷ್ಟು ದೊಡ್ಡದು ಎಂಬುದಕ್ಕೆ ರಾಷ್ಟ್ರಮಟ್ಟದ ಎರಡು ಸಮೀಕ್ಷೆಗಳು ಸಾಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆಗೆ ಸಿಕ್ಕವರಲ್ಲಿ ಶೇ. 86ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಇನ್ನೂ ಕಠೋರ: ದೇಶದಲ್ಲಿ ಮದ್ಯಕ್ಕೆ ಪೂರ್ತಿ ಅವಲಂಬಿತರಾದವರು ಸುಮಾರು 2.9 ಕೋಟಿ, ಅಂಥ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ನೆರವು ದಕ್ಕಿತ್ತು. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಈ ಅಂತರವನ್ನು ಹಾಸಿಗೆ, ವೈದ್ಯರ ಸಂಖ್ಯೆ ಹೆಚ್ಚಿಸಿಯೇ ಮುಚ್ಚುತ್ತೇವೆ ಎಂದು ಕಾಯುವುದು ಒಂದು ತಲೆಮಾರನ್ನು ಕೈಬಿಟ್ಟಂತೆ. ಒಂದು ಕೋಣೆ, ಹತ್ತು ಕುರ್ಚಿ, ಬಿಟ್ಟು ಬದುಕುತ್ತಿರುವ ಇಬ್ಬರು: ಇಷ್ಟರಲ್ಲೇ ನಡೆಯಬಲ್ಲ ವ್ಯವಸ್ಥೆಗೆ ಮಹತ್ವ ಬರುವುದು ಇಲ್ಲೇ.

ಈ ಬಗೆಯ ಕೂಟಗಳಲ್ಲಿ ಜಗತ್ತಿನಾದ್ಯಂತ ಹರಡಿರುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರ ಜೂನ್‌ನಲ್ಲಿ ಅಮೆರಿಕದ ಅಕ್ರಾನ್ ಎಂಬ ಊರಿನಲ್ಲಿ ಇದು ಆರಂಭವಾಯಿತು. ಷೇರುಪೇಟೆಯಲ್ಲಿ ದುಡಿದಿದ್ದ ಬಿಲ್, ಶಸ್ತ್ರವೈದ್ಯರಾಗಿದ್ದ ಬಾಬ್, ಇಬ್ಬರೂ ಕುಡಿತದಿಂದ ಕುಸಿದವರು. ಕುಡಿಯಲೇಬೇಕೆಂಬ ಹಂಬಲ ಬಂದಾಗ ಅದೇ ಸಂಕಟ ಉಂಡ ಇನ್ನೊಬ್ಬರೊಡನೆ ಮಾತಾಡಿದರೆ ಆ ಹೊತ್ತು ದಾಟುತ್ತದೆ ಎಂಬುದು ಅವರು ಕಂಡುಕೊಂಡದ್ದು. 1939ರಲ್ಲಿ ಇವರ ಮೂಲಗ್ರಂಥ ಬಂತು; ಭಾರತದಲ್ಲಿ 1957ರಲ್ಲಿ ದೆಹಲಿಯಿಂದ ಚಳವಳಿ ಶುರುವಾಯಿತು. ಮೀಟಿಂಗ್ ಒಂದು, ಒಂದೂವರೆ ಗಂಟೆಯದು. ಒಬ್ಬರು ನಡೆಸಿಕೊಡುತ್ತಾರೆ, ಆ ಜವಾಬ್ದಾರಿ ಸರದಿಯ ಮೇಲೆ ಬದಲಾಗುತ್ತದೆ. ಮೊದಲ ಹೆಸರು ಹೇಳಿದರೆ ಸಾಕು. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೂತು ಎದ್ದು ಹೋಗಬಹುದು. ಒಬ್ಬರ ಮಾತಿಗೆ ಇನ್ನೊಬ್ಬರು ಎದುರುತ್ತರ ಕೊಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಕುಡಿತ ಬಿಡಬೇಕೆಂಬ ಆಸೆಯ ಹೊರತು ಸದಸ್ಯತ್ವಕ್ಕೆ ಬೇರೆ ಷರತ್ತಿಲ್ಲ. ಬಾಡಿಗೆ, ಟೀ ಖರ್ಚಿಗೆ ಕೊನೆಯಲ್ಲಿ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಬಹಳ ದಿನದಿಂದ ಬಿಟ್ಟವರೊಬ್ಬರು ಹೊಸಬರಿಗೆ ಬೆನ್ನಿಗೆ ನಿಲ್ಲುತ್ತಾರೆ. ಅವರನ್ನು ಸ್ಪಾನ್ಸರ್ ಎನ್ನುತ್ತಾರೆ. ‘ಮುಕ್ತ’ ಸಭೆಗೆ ಮನೆಯವರು, ವಿದ್ಯಾರ್ಥಿಗಳು ಯಾರೂ ಬರಬಹುದು. ‘ಮುಚ್ಚಿದ’ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮಾತಾಡುವ ಗುಂಪುಗಳಿವೆ.

ಇದನ್ನು ಪರದೇಶದ ಪದ್ಧತಿ ಎಂದು ದೂರವಿಡುವವರು ಕರ್ನಾಟಕದ್ದೇ ಎರಡು ಪರಂಪರೆಗಳನ್ನು ನೆನೆಯಬೇಕು. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1970ರ ದಶಕದಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳುಕಡ್ಡಿಯ ಬದಲು ನಿಮ್ಮ ದುಶ್ಚಟವನ್ನೇ ಭಿಕ್ಷೆ ಹಾಕಿ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಎರಡನೆಯದು ಧರ್ಮಸ್ಥಳದ್ದು. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅದರೊಡನೆ ಬೆಳೆದ ಜನಜಾಗೃತಿ ವೇದಿಕೆ ಸೇರಿ ರಾಜ್ಯದುದ್ದಕ್ಕೂ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರ ನಡೆಸಿವೆ. ಸುಮಾರು ಒಂದು ವಾರ ಊರಿನ ಸಮುದಾಯ ಭವನದಲ್ಲೋ ಛತ್ರದಲ್ಲೋ ಉಳಿದು, ಯೋಗ, ಭಜನೆ, ಆಪ್ತಸಲಹೆಯ ನಡುವೆ ಕುಡಿತ ಬಿಡುವ ಏರ್ಪಾಡು ಅದು. ಊಟದ ಜವಾಬ್ದಾರಿ, ಮೇಲ್ವಿಚಾರಣೆ ಊರವರದೇ. ಶಿಬಿರಕ್ಕಿಂತ ಅದರ ನಂತರದ ಭಾಗ ಇಲ್ಲಿ ಮುಖ್ಯ. ಬಿಟ್ಟವರನ್ನು ನವಜೀವನ ಸದಸ್ಯರೆಂದು ಕರೆದು, ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರಿಸುತ್ತಾರೆ, ನೂರು ದಿನ ತುಂಬಿದವರಿಗೆ ಶತದಿನೋತ್ಸವ ಮಾಡುತ್ತಾರೆ. ಇಂಥದ್ದೇ ಪ್ರಯತ್ನ ಬೇರೆಡೆಯೂ ನಡೆದಿದೆ: ಆಗಿನ ಯುಗೊಸ್ಲಾವಿಯಾದ ಜಾಗ್ರೆಬ್‌ನಲ್ಲಿ 1964ರಲ್ಲಿ ಮನೋವೈದ್ಯ ವ್ಲಾದಿಮಿರ್ ಹುದೊಲಿನ್ ಕುಟುಂಬ ಸಮೇತ ಕೂರುವ ಕ್ಲಬ್ಬುಗಳನ್ನು ಕಟ್ಟಿದರು. ಅಕ್ರಾನ್, ಜಾಗ್ರೆಬ್, ಧರ್ಮಸ್ಥಳಗಳ ನಂಬಿಕೆಗಳು ಬೇರೆ ಬೇರೆ. ಆದರೂ ಮೂರೂ ಮುಟ್ಟಿದ್ದು ಒಂದೇ ಕಡೆಗೆ: ಬಿಟ್ಟವರು ಬಿಟ್ಟವರೊಡನೆ ಮೇಲಿಂದ ಮೇಲೆ ಕೂರಬೇಕು.

ಹೀಗೆ ಕೂತದ್ದರಿಂದ ಉಪಯೋಗವಾಗುತ್ತದೆಯೇ? ಬಹುಕಾಲ ಸಂಶೋಧಕರೂ ಅನುಮಾನದಲ್ಲೇ ಇದ್ದರು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ವಿಮರ್ಶೆ 2006ರಲ್ಲಿ ಖಚಿತ ಪುರಾವೆ ಇಲ್ಲವೆಂದಿತ್ತು. 2020ರಲ್ಲಿ ಜಾನ್ ಕೆಲ್ಲಿ, ಕೀತ್ ಹಂಫ್ರೀಸ್, ಮರಿಕಾ ಫೆರ್ರಿ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡು, 27 ಅಧ್ಯಯನಗಳ 10,565 ಜನರ ಮಾಹಿತಿ ತೂಗಿದರು. ಎಎಗೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಬಳಿಕ ಪೂರ್ತಿ ಬಿಟ್ಟೇ ಇದ್ದವರು ಶೇ. 42, ಬೇರೆ ಹೆಸರಾಂತ ಚಿಕಿತ್ಸೆಗಳಲ್ಲಿ ಶೇ. 35. ಆರೋಗ್ಯ ವೆಚ್ಚವೂ ತಗ್ಗಿತ್ತು. ಬಿಡುವ ಛಲವಿದ್ದವರೇ ಮೀಟಿಂಗಿಗೆ ಹೋಗುತ್ತಾರೆ, ಹೋಗಿದ್ದಕ್ಕೆ ಬಿಟ್ಟರು ಎನ್ನುವುದು ಹೇಗೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಹಂಫ್ರೀಸ್ ಮತ್ತು ಸಂಗಡಿಗರು 2014ರಲ್ಲಿ ಇದನ್ನೇ ಪರೀಕ್ಷಿಸಿದರು. ತಮ್ಮ ಆಯ್ಕೆಯಿಂದಲ್ಲ, ಚೀಟಿ ಎತ್ತಿದಂತೆ ಎಎಗೆ ಜೋಡಿಸುವ ಚಿಕಿತ್ಸೆಯ ಪಾಲಿಗೆ ಬಿದ್ದದ್ದರಿಂದ ಹೆಚ್ಚು ಮೀಟಿಂಗಿಗೆ ಹೋದವರಲ್ಲೂ ಕುಡಿಯದ ದಿನಗಳು ಹೆಚ್ಚಿದ್ದವು. ಈ ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕದವು ಎಂಬ ಮಿತಿಯನ್ನು ಒಪ್ಪಬೇಕು. ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ಮತ್ತೆ ಕುಡಿದಿದ್ದರು ಎಂಬುದನ್ನೂ ಮರೆಮಾಚಬಾರದು, ಮೀಟಿಂಗ್ ಮಂತ್ರದಂಡವಲ್ಲ.

ಅಮೆರಿಕದ ಫಲಿತಾಂಶ ಕನಕಪುರಕ್ಕೆ ಹೊಂದುತ್ತದೆ ಎನ್ನಲು ಕಾರಣ ಮೀಟಿಂಗ್ ಕೆಲಸ ಮಾಡುವ ಬಗೆಯಲ್ಲಿದೆ. ಕೆಲ್ಲಿಯವರ ತಂಡ 1,726 ರೋಗಿಗಳಿದ್ದ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ದೊಡ್ಡ ಪ್ರಯೋಗದ ಮಾಹಿತಿಯನ್ನು ಬಿಡಿಸಿ ನೋಡಿದಾಗ, ಲಾಭದ ಬಹುಪಾಲು ಬಂದದ್ದು ಒಡನಾಡಿಗಳು ಬದಲಾದದ್ದರಿಂದ ಮತ್ತು ನಾಲ್ಕು ಜನ ಕುಡಿಯುವ ಕಡೆ ಬೇಡ ಎನ್ನುವ ಧೈರ್ಯ ಬಂದದ್ದರಿಂದ. ನಮ್ಮ ಸೀಮೆಯಲ್ಲಿ ಕುಡಿತ ಎಲ್ಲೆಲ್ಲಿ ಕೂತಿದೆ ನೋಡಿ. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ, ಬೊಂಬೆಯ ಲೇತ್ ಮುಂದೆ, ಕಲ್ಲುಕ್ವಾರಿಯಲ್ಲಿ ದುಡಿದವರಿಗೆ ಬಟವಾಡೆಯ ಸಂಜೆ ಇದೆ. ಮದುವೆಯಾದ ಮೇಲೆ ಬೀಗರೂಟವಿದೆ, ಮಾರಿಹಬ್ಬದ ಬಾಡೂಟವಿದೆ, ಪಂಚಾಯ್ತಿ ಚುನಾವಣೆ ಇದೆ. ಪಿತೃಪಕ್ಷದಲ್ಲಿ ಹಿರಿಯರ ಎಡೆಗೇ ಮದ್ಯವಿಡುವ ಮನೆಗಳಿವೆ. ಹಾಗಾಗಿ ಕುಡಿತ ಬಿಟ್ಟವರು ಬಾಟಲಿಯೊಂದನ್ನೇ ಬಿಟ್ಟಂತಾಗುವುದಿಲ್ಲ, ನೆಂಟರ, ಗೆಳೆಯರ ಪಂಕ್ತಿಯನ್ನೂ ಬಿಡಬೇಕಾಗುತ್ತದೆ. ಅಷ್ಟು ದೊಡ್ಡ ಖಾಲಿ ಜಾಗವನ್ನು ಮಾತ್ರೆ ತುಂಬುವುದಿಲ್ಲ. ಇನ್ನೊಂದು ಪಂಕ್ತಿಯೇ ಬೇಕು. ಇದಕ್ಕೆ ಎಲ್ಲರ ಕಣ್ಣಮುಂದಿರುವ ನಿದರ್ಶನ ಅಯ್ಯಪ್ಪನ ಮಾಲೆ. ವರ್ಷವಿಡೀ ಕುಡಿದವರು ಮಾಲೆ ಹಾಕಿದ 41 ದಿನ ಮುಟ್ಟುವುದಿಲ್ಲ. ಭಕ್ತಿಯ ಬಲ ಅದರಲ್ಲಿದೆ, ನಿಜ. ಅದರ ಜೊತೆಗೆ ದಿನವೂ ಒಟ್ಟಿಗೆ ಪೂಜೆಗೆ ನಿಲ್ಲುವ ಸ್ವಾಮಿಗಳ ಗುಂಪು, ದಾರಿ ಕಂಡ ಗುರುಸ್ವಾಮಿ, ಊರೆಲ್ಲ ಗುರುತಿಸಿ ಒತ್ತಾಯಿಸದೆ ಬಿಡುವ ಕಪ್ಪುಬಟ್ಟೆ ಇವೆ. ಮಾಲೆ ತೆಗೆದ ಮೇಲೆ ಗುಂಪು ಚದುರುತ್ತದೆ, ಎಷ್ಟೋ ಜನರ ಕುಡಿತ ಮರಳುತ್ತದೆ. ಅವರಿಗೆ ಮನೋಬಲವಿಲ್ಲ ಎಂಬ ತೀರ್ಪು ಅನ್ಯಾಯದ್ದು: 41 ದಿನ ಹಿಡಿದು ನಿಂತವರಿಗೆ ಬಲವಿತ್ತು, 42ನೆಯ ದಿನ ಕೂರುವ ಜಾಗವಿರಲಿಲ್ಲ. ಮನೆದೇವರ ಮುಂದೆ ಒಬ್ಬರೇ ಇಟ್ಟ ಆಣೆ ಬೇಗ ಮುರಿಯುವುದಕ್ಕೂ ಇದೇ ಕಾರಣ.

ಕುಡಿತ ಕಾಯಿಲೆಯಾದ ಮೇಲೆ ವೈದ್ಯರ ಕೆಲಸವನ್ನು ಸಾಮಾನ್ಯರ ಗುಂಪಿಗೆ ಬಿಡಬಹುದೇ ಎಂಬುದು ಇನ್ನೊಂದು ಆಕ್ಷೇಪ. ಬಿಡಬಾರದು, ವಿಶೇಷವಾಗಿ ಮೊದಲ ವಾರದಲ್ಲಿ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಒಮ್ಮೆಲೇ ಮದ್ಯ ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನ ಇಲ್ಲದ್ದು ಕಾಣುವ, ಕೇಳುವ ಸನ್ನಿ ಹಿಡಿದು ಜೀವವೇ ಹೋಗಬಹುದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ರಾತ್ರೋರಾತ್ರಿ ಮುಚ್ಚಿದಾಗ ಇಂಥ ತೀವ್ರ ತೊಂದರೆಯಿಂದ ಆಸ್ಪತ್ರೆಗೆ ಬಂದವರು ಹೆಚ್ಚಿದ್ದನ್ನು ಬೆಂಗಳೂರಿನ ವೈದ್ಯರು ದಾಖಲಿಸಿ ಪ್ರಕಟಿಸಿದ್ದಾರೆ. ಆದ್ದರಿಂದ ಬೆಳಗೆದ್ದ ಕೂಡಲೇ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ಮೊದಲು ಆಸ್ಪತ್ರೆಗೆ ಹೋಗಬೇಕು; ಅಲ್ಲಿ ನಡುಕ ತಗ್ಗಿಸುವ ಮದ್ದು, ಥಯಾಮಿನ್ ಎಂಬ ಬಿ-1 ಜೀವಸತ್ವ ಕೊಡುತ್ತಾರೆ. ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಲೇ ಮೀಟಿಂಗಿಗೆ ಹೋಗಬಹುದು, ಒಂದಕ್ಕೊಂದು ಅಡ್ಡಿಯಲ್ಲ. ಗುಂಪಿನಲ್ಲಿ ಯಾರಾದರೂ ಮಾತ್ರೆ ನಿಲ್ಲಿಸಿ ಎಂದರೆ ಆ ಮಾತು ಕೇಳಬೇಕಾಗಿಲ್ಲ. ಮನೆಯವರು ಹತಾಶೆಯಿಂದ ಮಾಡುವ ಒಂದು ಕೆಲಸದ ಬಗ್ಗೆಯೂ ಎಚ್ಚರ ಬೇಕು. ಡೈಸಲ್ಫಿರಾಮ್ ಮಾತ್ರೆಯನ್ನು ಹೇಳದೆ ಕೇಳದೆ ಸಾರಿಗೋ ಕಾಫಿಗೋ ಬೆರೆಸುವುದು ಅಪಾಯ. ಆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಹಾಗೆಯೇ ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುತ್ತೇವೆ ಎನ್ನುವ ಡಿ-ಅಡಿಕ್ಷನ್ ಕೇಂದ್ರಗಳಿಂದ ದೂರವಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯದ ಚಟವೂ ಬರುತ್ತದೆ. ಕೇಂದ್ರ ನೋಂದಣಿಯಾಗಿದೆಯೇ ಎಂದು ಕೇಳುವ ಹಕ್ಕು ಕುಟುಂಬಕ್ಕಿದೆ.

ನಾಲ್ಕು ಊರುಗಳಲ್ಲಿ ನಿಜಕ್ಕೂ ಬಲವಾದ ಆಕ್ಷೇಪ ಗುಟ್ಟಿನದು. ಹೆಸರು ಹೊರಬೀಳದು ಎಂಬ ಭರವಸೆಯ ಮೇಲೆ ನಿಂತ ಪದ್ಧತಿ, ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಮಾಗಡಿಯಲ್ಲಿ ಹೇಗೆ ನಡೆದೀತು? ಹೆಣ್ಣು ನೋಡಲು ಹೊರಟ ಮನೆ, ಸೊಸೈಟಿಯಲ್ಲಿ ಸಾಲ ಕೇಳಿದ ರೈತ, ಶಾಲೆಯ ಮೇಷ್ಟರು ಹೆದರುವುದು ಸಹಜ. ಇದಕ್ಕೆ ಉತ್ತರವಾಗಿ ಮೊದಲು ಒಂದು ಕಟುಸತ್ಯ ಹೇಳಬೇಕು: ಬಾರಿನ ಮುಂದೆ ಬಿದ್ದದ್ದನ್ನು ಊರು ಆಗಲೇ ನೋಡಿರುತ್ತದೆ, ಗುಟ್ಟಾಗಿ ಉಳಿಯುವುದು ಬಿಡುವ ಪ್ರಯತ್ನ ಮಾತ್ರ. ಆದರೂ ಭಯ ಭಯವೇ, ಅದಕ್ಕೆ ದಾರಿಗಳಿವೆ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಚನ್ನಪಟ್ಟಣ, ರಾಮನಗರ, ಬಿಡದಿ ನಿಲ್ದಾಣಗಳಿವೆ. ಕೆಲಸಕ್ಕೆಂದು ಈ ರೈಲಿನಲ್ಲಿ ಓಡಾಡುವವರು ನಗರದ ಗುಂಪಿನಲ್ಲಿ ಅಪರಿಚಿತರಾಗಿ ಕೂರಬಹುದು. ಕನಕಪುರ, ಮಾಗಡಿಗೆ ರೈಲಿಲ್ಲ. ಸಂಜೆ ಮೀಟಿಂಗ್ ಮುಗಿಸಿ ಬಸ್ಸಿನಲ್ಲಿ ಮರಳುವುದು ದುಡಿಯುವ ಮನುಷ್ಯರಿಗೆ ವಾರವಾರ ಸಾಧ್ಯವಾಗದು. ಅವರಿಗೆ 2020ರ ನಂತರ ವ್ಯಾಪಕವಾದ ಆನ್‌ಲೈನ್ ಮೀಟಿಂಗ್ ಒದಗುತ್ತದೆ. ಕ್ಯಾಮೆರಾ ಮುಚ್ಚಿ, ಕಿವಿಗೆ ಇಯರ್‌ಫೋನ್ ಹಾಕಿ ಹೊಲದ ಬದುವಿನ ಮೇಲೂ ಕೂತು ಕೇಳಬಹುದು. ಆದರೆ ಎದುರುಬದುರು ಕೂರುವುದರ ಸಮಕ್ಕೆ ಅದು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೀಟಿಂಗಿನ ಅರ್ಧ ಕೆಲಸ ಅದು ಮುಗಿದ ಮೇಲೆ ಹೊರಗೆ ನಿಂತು ಟೀ ಕುಡಿಯುವಾಗ ಆಗುತ್ತದೆ. ವಾರಕ್ಕೆರಡು ಆನ್‌ಲೈನ್, ತಿಂಗಳಿಗೊಮ್ಮೆ ನಗರ ಎಂಬ ಹೊಂದಾಣಿಕೆ ಒಳ್ಳೆಯದು.

ದೇವರ ಮಾತು ಕೆಲವರಿಗೆ ಇರಿಸುಮುರುಸು. ಎಎಯ 12 ಹೆಜ್ಜೆಗಳಲ್ಲಿ ದೇವರ ಉಲ್ಲೇಖವಿದೆ, ಆದರೆ ತಾವು ಅರಿತಂತೆ ಎಂಬ ಸಡಿಲದೊಡನೆ. ಹಿಂದೂ, ಮುಸ್ಲಿಂ, ಕ್ರೈಸ್ತ, ನಾಸ್ತಿಕರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಧರ್ಮಸ್ಥಳದ ಶಿಬಿರದ ಭಜನೆ ಒಗ್ಗದವರಿಗೆ ಎಎ, ಎಎಯ ಮಾತುಗಾರಿಕೆ ಒಗ್ಗದವರಿಗೆ ಶಿಬಿರ ಇರಲಿ. ಎರಡೂ ಒಗ್ಗದವರಿಗೆ ಆಸ್ಪತ್ರೆಯ ಆಪ್ತಸಲಹಾ ಗುಂಪು ಇರಲಿ. ಅಂಗಡಿಯನ್ನೇ ಮುಚ್ಚಿಸಿದರೆ ಇದೆಲ್ಲ ಯಾಕೆ ಬೇಕು ಎನ್ನುವವರ ಸಿಟ್ಟು ನ್ಯಾಯದ್ದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಮದ್ಯ ನಿಷೇಧ ಕೇಳಿದರು. ಅಬಕಾರಿಯಿಂದ ವರ್ಷಕ್ಕೆ ಹತ್ತಾರು ಸಾವಿರ ಕೋಟಿ ಎಣಿಸುವ ಸರ್ಕಾರಕ್ಕೆ ಅವರ ಪ್ರಶ್ನೆ ಇನ್ನೂ ಬಾಕಿ ಇದೆ. ಆದರೆ ಸಾರಾಯಿ ನಿಂತಾಗ ಎಷ್ಟೋ ಜನ ಪ್ಯಾಕೆಟ್ಟಿನಿಂದ ಬಾಟಲಿಗೆ ಬಂದರು. ಅಂಗಡಿ ಮುಚ್ಚಲಿ ಎಂದು ಹೋರಾಡುವವರಿಗೂ ಮುಚ್ಚುವವರೆಗೆ ಮತ್ತು ಮುಚ್ಚಿದ ಮೇಲೆ ಇಂಥ ಕೂಟ ಬೇಕೇ ಬೇಕು.

ಹುಡುಕುವ ದಾರಿ ಹೀಗಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದಕ್ಕೆ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ವ್ಯಸನಮುಕ್ತಿಗೆಂದೇ ಕೇಂದ್ರದ 14446 ಇದೆ. ಎರಡೂ ಉಚಿತ. ರಾಮನಗರದ ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯನ್ನು ಕಾಣಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಹೊರಡುವ ಮೊದಲು ವಿಚಾರಿಸಿಕೊಂಡರೆ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಶಿಬಿರದ ದಿನಾಂಕ, ನವಜೀವನ ಸಮಿತಿಯ ವಿವರಕ್ಕೆ ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿ. ಎಎ ಮೀಟಿಂಗಿನ ಜಾಗ, ಹೊತ್ತಿಗೆ ಆ ಸಂಸ್ಥೆಯ ಜಾಲತಾಣ, ಸಹಾಯವಾಣಿ. ಜಾಗ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಫೋನ್ ಮಾಡಬೇಕು. ಮೊದಲ ಸಲ ಕುಡಿದೇ ಬಂದರೂ ಗಲಾಟೆ ಮಾಡದಿದ್ದರೆ ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ. ಒಂದು ಗುಂಪು ಹಿಡಿಸಲಿಲ್ಲವೆಂದು ಎಲ್ಲವನ್ನೂ ಬಿಡಬಾರದು. ನಾಲ್ಕಾರು ಸಲ, ಎರಡು ಬೇರೆ ಗುಂಪಿಗೆ ಹೋಗಿ ನೋಡಬೇಕು. ನಡುವೆ ಮತ್ತೆ ಕುಡಿದವರು ನಾಚಿಕೆಯಿಂದ ಮನೆಯಲ್ಲೇ ಉಳಿಯುತ್ತಾರೆ, ಅವರು ಹೋಗಲೇಬೇಕಾದದ್ದು ಆ ವಾರವೇ.

ಮನೆಯವರಿಗೂ ಕೂಟವಿದೆ. 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲ್-ಅನಾನ್, ಕುಡಿಯುವವರ ಹೆಂಡತಿ, ಗಂಡ, ತಾಯಿ, ಮಕ್ಕಳಿಗಾಗಿ. ಕುಡಿಯುವವರು ಬಿಡಲಿ ಬಿಡದಿರಲಿ, ಮನೆಯವರ ಬದುಕು ನೆಟ್ಟಗಾಗಬೇಕು ಎಂಬುದು ಅದರ ನಿಲುವು. ಸ್ತ್ರೀಶಕ್ತಿ ಸಂಘಗಳಿಂದಾಗಿ ಈ ತಾಲ್ಲೂಕುಗಳ ಹೆಂಗಸರಿಗೆ ವಾರವಾರ ಕೂತು ಕಷ್ಟ ಹೇಳಿಕೊಳ್ಳುವ ರೂಢಿ ಆಗಲೇ ಇದೆ; ಗಂಡಸರಿಗೆ ಅಂಥ ಜಾಗವೇ ಇಲ್ಲ, ಇರುವ ಒಂದು ಜಾಗ ಬಾರ್. ಕುಡಿತಕ್ಕೆ ಸಿಕ್ಕ ಹೆಂಗಸರ ಪಾಡು ಎಲ್ಲಕ್ಕಿಂತ ಕಷ್ಟದ್ದು. 2019ರ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6, ಸಂಖ್ಯೆ ಸಣ್ಣದಾದಷ್ಟೂ ಅವಮಾನ ದೊಡ್ಡದು. ಗಂಡಸರೇ ತುಂಬಿದ ಕೋಣೆಗೆ ಅವರು ಬರಲಾರರು. ಹೆಂಗಸರದೇ ಆನ್‌ಲೈನ್ ಗುಂಪು ಹುಡುಕಿಕೊಡುವುದು ಟೆಲಿ ಮಾನಸ್‌ನಂಥವರು ಮೊದಲು ಮಾಡಬೇಕಾದ ಕೆಲಸ.

ಗುಂಪಿಲ್ಲದ ಊರಿನಲ್ಲಿ ಗುಂಪು ಕಟ್ಟುವುದು ಕಷ್ಟವಲ್ಲ, ನಿಲ್ಲಿಸಿಕೊಳ್ಳುವುದು ಕಷ್ಟ. ಇಬ್ಬರು ಮೂವರು ಸೇರಿದರೆ ಎಎ ಗುಂಪಾಗುತ್ತದೆ. ಶಾಲೆಯ ಕೊಠಡಿಯೋ ಹಾಲಿನ ಡೇರಿಯ ಮೇಲಿನ ಕೋಣೆಯೋ ಸಾಕು. ಯಾವ ಪಕ್ಷದ, ಯಾವ ಜಾತಿಯ ಕಟ್ಟಡವೂ ಆಗದಿದ್ದರೆ ಒಳ್ಳೆಯದು. ಇಬ್ಬರೇ ಬಂದರೂ ಹೇಳಿದ ದಿನ, ಹೇಳಿದ ಗಂಟೆಗೆ ನಡೆಯಬೇಕು. ಹೊಸಬರನ್ನು ಕರೆತರುವ ಬಗ್ಗೆ 1981ರಲ್ಲಿ ಪ್ರಕಟವಾದ ಸಿಸನ್ ಮತ್ತು ಮ್ಯಾಲಮ್ಸ್ ಅವರ ಸಣ್ಣ ಪ್ರಯೋಗವೊಂದಿದೆ. 20 ಜನರಲ್ಲಿ ಅರ್ಧದಷ್ಟು ಮಂದಿಗೆ ಮೀಟಿಂಗಿನ ಜಾಗ, ಹೊತ್ತು ತಿಳಿಸಿ ಹೋಗಿ ಎಂದರು, ಒಬ್ಬರೂ ಹೋಗಲಿಲ್ಲ. ಉಳಿದ ಹತ್ತು ಮಂದಿಗೆ ಅಲ್ಲೇ ಫೋನ್ ಹಚ್ಚಿ ಗುಂಪಿನ ಸದಸ್ಯರೊಬ್ಬರೊಡನೆ ಮಾತಾಡಿಸಿದರು, ಆ ಸದಸ್ಯರು ಬಂದು ಜೊತೆಗೆ ಕರೆದುಕೊಂಡು ಹೋದರು. ಹತ್ತೂ ಮಂದಿ ಹೋದರು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಸರದಿಯಲ್ಲಿ ನಿಂತವರಿಗೂ ಇದೇ ಆಗಬೇಕಿದೆ: ಮಾತ್ರೆಯ ಚೀಟಿ ಕೊಡುವ ಮೇಜಿನ ಪಕ್ಕದಲ್ಲೇ, ಬಿಟ್ಟು ಬದುಕುತ್ತಿರುವ ಒಬ್ಬರಿಗೆ ಫೋನ್ ಹಚ್ಚಿ ಕೊಡುವ ಆಪ್ತಸಮಾಲೋಚಕರು, ಮತ್ತು ಆ ಸಂಜೆಯೇ ಚನ್ನಪಟ್ಟಣದ ನಿಲ್ದಾಣಕ್ಕೋ ಕನಕಪುರದ ಬಸ್ ನಿಲ್ದಾಣಕ್ಕೋ ಬಂದು ಜೊತೆಗೆ ಹೊರಡಲು ಒಪ್ಪಿದ ಸದಸ್ಯರು.